ಅವರವರ ವೇಗ, ಎಲ್ಲರ ಪ್ರಶ್ನೆ

ಶಿಕ್ಷಕರ ಜೊತೆ ಕೆಲಸ ಮಾಡುವ ನನಗೆ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ನೋಡುವ ಅವಕಾಶ ಆಗಾಗ ಸಿಗುತ್ತದೆ. ಹಾಗೆ ಐದನೆಯ ತರಗತಿಯೊಂದರ ಗಣಿತದ ಅವಧಿಯಲ್ಲಿ ಕಂಡ ಒಂದು ಸಂಗತಿ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಪ್ರತಿ ಮಗುವಿನ ಮುಂದೆ ಒಂದು ಟ್ಯಾಬ್ ಇತ್ತು, ಕಿವಿಗೆ ಹೆಡ್‌ಫೋನ್ ಇತ್ತು. ತಂತ್ರಾಂಶವು ಪ್ರತಿಯೊಬ್ಬರಿಗೂ ಅವರವರ ಮಟ್ಟಕ್ಕೆ ತಕ್ಕ ಲೆಕ್ಕವನ್ನು ಕೊಡುತ್ತಿತ್ತು. ಗದ್ದಲವಿರಲಿಲ್ಲ, ಯಾರೂ ಯಾರನ್ನೂ ಕಾಯುತ್ತಿರಲಿಲ್ಲ, ಯಾರೂ ಯಾರಿಂದಲೂ ಹಿಂದೆ ಬಿದ್ದೆನೆಂದು ತಲೆ ತಗ್ಗಿಸಬೇಕಾಗಿರಲಿಲ್ಲ. ನನ್ನ ಮುಂದಿನ ಬೆಂಚಿನ ಹುಡುಗ 1/3 ದೊಡ್ಡದೋ 1/4 ದೊಡ್ಡದೋ ಎಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದ. ತಪ್ಪು ಉತ್ತರ ಒತ್ತಿದ, ಸುಳಿವು ಬಂತು. ಅದನ್ನು ಓದದೆ ಮುಂದಿನ ಸುಳಿವನ್ನು ಒತ್ತಿದ, ಅದರ ಮುಂದಿನದನ್ನೂ ಒತ್ತಿದ. ಕೊನೆಯ ಸುಳಿವಿನಲ್ಲಿ ಉತ್ತರವೇ ಇತ್ತು. ಅದನ್ನು ತುಂಬಿದ, ಹಸಿರು ಗುರುತು ಮೂಡಿತು, ಲೆಕ್ಕ ಮುಂದಕ್ಕೆ ಹೋಯಿತು. ಶಿಕ್ಷಕಿಯ ಪರದೆಯಲ್ಲಿ ಅವನ ಪಟ್ಟಿ ಒಂದಿಷ್ಟು ಉದ್ದವಾಯಿತು.

ಅವನ ಪಕ್ಕದಲ್ಲೇ ಕುಳಿತಿದ್ದ ಹುಡುಗಿ ಆ ಅಧ್ಯಾಯವನ್ನು ಎಂದೋ ಮುಗಿಸಿ ದಶಮಾಂಶಕ್ಕೆ ಹೋಗಿದ್ದಳು. ಅವನಿಗೆ ಎಲ್ಲಿ ತೊಡಕಾಗಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಅದೇ ತೊಡಕನ್ನು ದಾಟಿ ಬಂದವಳು ಎಂಬುದು ಅವನಿಗೂ ಗೊತ್ತಿರಲಿಲ್ಲ. ಒಂದೇ ಬೆಂಚು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಆದರೆ ಇಬ್ಬರಿಗೂ ಕೂಡಿ ಮಾತಾಡಲು ಒಂದು ವಿಷಯವೇ ಉಳಿದಿರಲಿಲ್ಲ. ಸುಳಿವುಗಳನ್ನು ಒತ್ತುತ್ತಾ ಹೋಗಿ ಉತ್ತರ ಗಿಟ್ಟಿಸುವ ಅಭ್ಯಾಸ ಕಲಿಕಾ ತಂತ್ರಾಂಶಗಳನ್ನು ಅಧ್ಯಯನ ಮಾಡುವವರಿಗೆ 20 ವರ್ಷಗಳಿಂದ ಗೊತ್ತಿರುವಂಥದ್ದೇ, ಅದಕ್ಕೆ ತಕ್ಕ ತಿದ್ದುಪಡಿಗಳನ್ನು ಅವರು ಮಾಡುತ್ತಲೂ ಇದ್ದಾರೆ. ನನ್ನನ್ನು ಕಾಡಿದ್ದು ಅದಲ್ಲ. ಪ್ರತಿ ಮಗುವಿಗೂ ಅದರದೇ ದಾರಿ ಸಿಗಲಿ ಎಂಬ ಸದುದ್ದೇಶವೇ ಮಕ್ಕಳ ನಡುವೆ ಇದ್ದ ಸಮಾನ ವಿಷಯವನ್ನು ಕಿತ್ತುಕೊಂಡಿದ್ದು ನನ್ನನ್ನು ಕಾಡಿತು.

ಹಳೆಯ ಆಸೆ

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಬೇಕೆಂಬ ಆಸೆ ಟ್ಯಾಬ್‌ನ ಜೊತೆ ಹುಟ್ಟಿದ್ದಲ್ಲ. 1953ರಲ್ಲಿ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠವನ್ನು ನೋಡಲು ಹೋಗಿದ್ದರು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂದು ಮಕ್ಕಳಿಗೆ ಆ ಕ್ಷಣದಲ್ಲಿ ತಿಳಿಯುತ್ತಿಲ್ಲ, ಬೇಗ ಮುಗಿಸಿದವರೂ ತಡವಾದವರೂ ಒಂದೇ ವೇಗದಲ್ಲಿ ಸಾಗಬೇಕಾಗಿದೆ ಎಂಬ ಎರಡು ಕೊರತೆಗಳು ಅವರ ಕಣ್ಣಿಗೆ ಬಿದ್ದವು. ಉತ್ತರ ಸರಿಯೋ ತಪ್ಪೋ ಎಂದು ಕೂಡಲೇ ತಿಳಿಸಿ, ಮಗು ತನ್ನ ವೇಗದಲ್ಲಿ ಸಾಗಲು ಬಿಡುವ ಅವರ ಕಲಿಕಾ ಯಂತ್ರ ರೂಪುಗೊಂಡಿದ್ದು ಆ ಭೇಟಿಯ ನಂತರ. ಎಪ್ಪತ್ತು ವರ್ಷಗಳ ಮೇಲೂ ಆ ಎರಡು ಕೊರತೆಗಳು ನಿಜವಾಗಿಯೇ ಉಳಿದಿವೆ. ಆದ್ದರಿಂದ ವೈಯಕ್ತಿಕ ಕಲಿಕೆಯ ಮಾತನ್ನು ಯಂತ್ರ ಮಾರುವವರ ಮಾತು ಎಂದು ತಳ್ಳಿಹಾಕುವವರ ಜೊತೆ ನಾನು ಒಪ್ಪಲಾರೆ. ಭಾಗಾಕಾರವೇ ಬಾರದ ಮಗುವನ್ನು ಶೇಕಡಾವಾರು ಲೆಕ್ಕದ ಪಾಠದಲ್ಲಿ ವರ್ಷವಿಡೀ ಕೂರಿಸುವುದು ಅನ್ಯಾಯ. ಆ ಮಗು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಪಾಠದಲ್ಲಿ ಇರುವುದಿಲ್ಲ.

ಈ ಚರ್ಚೆಯಲ್ಲಿ ತಪ್ಪದೆ ಬರುವ ಇನ್ನೊಂದು ಹೆಸರು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ ಅವರದು. ಒಬ್ಬರಿಗೊಬ್ಬರಂತೆ ಕೂತು ಕಲಿತ ಸಾಧಾರಣ ವಿದ್ಯಾರ್ಥಿಯು ಮಾಮೂಲಿ ತರಗತಿಯ ಶೇಕಡಾ 98 ಮಂದಿಗಿಂತ ಮುಂದಿದ್ದ ಎಂಬ ಅವರ 1984ರ ಲೇಖನದ ಮಾತನ್ನು ಶಿಕ್ಷಣ ತಂತ್ರಾಂಶಗಳ ಪರವಾಗಿ ಮಾತನಾಡುವವರೆಲ್ಲ ಎತ್ತಿ ಹೇಳುತ್ತಾರೆ. ಆನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಅಂತರ ಸಾಮಾನ್ಯವಾಗಿ ಕಂಡುಬಂದಿಲ್ಲ. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಮಾನವ ಬೋಧಕರ ಪರಿಣಾಮ ಸುಮಾರು 0.79 ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಎಂದು ಕಂಡಿತು. ಬ್ಲೂಮ್ ಹೇಳಿದ್ದು 2. ಅರ್ಧಕ್ಕಿಂತ ಕಡಿಮೆಯಾದರೂ ಇದೇನೂ ಸಣ್ಣ ಪರಿಣಾಮವಲ್ಲ. ಆದರೆ ಅಂಕಿಗಿಂತ ಮುಖ್ಯವಾದ ಒಂದು ಸಂಗತಿ ಮರೆತುಹೋಗಿದೆ. ಬ್ಲೂಮ್ ಆ ಲೇಖನದಲ್ಲಿ ಹುಡುಕುತ್ತಿದ್ದುದು ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಕೂರಿಸುವ ಉಪಾಯವನ್ನಲ್ಲ, ಒಬ್ಬರಿಗೊಬ್ಬರ ಬೋಧನೆಯಷ್ಟೇ ಫಲ ಕೊಡುವ ಗುಂಪು ಬೋಧನೆಯ ವಿಧಾನವನ್ನು. ಲೇಖನದ ತಲೆಬರಹದಲ್ಲೇ ಅದು ಇದೆ.

ಇನ್ನೂ ಹಿಂದಕ್ಕೆ ಹೋದರೆ ಶಿಕಾಗೋ ಬಳಿಯ ವಿನೆಟ್ಕಾ ಎಂಬ ಊರು ಸಿಗುತ್ತದೆ. 1919ರಲ್ಲಿ ಅಲ್ಲಿನ ಶಾಲೆಗಳ ಮೇಲ್ವಿಚಾರಕರಾಗಿ ಬಂದ ಕಾರ್ಲ್‌ಟನ್ ವಾಶ್‌ಬರ್ನ್ ಶಾಲೆಯ ದಿನವನ್ನು ಎರಡು ಬಗೆಯ ಕೆಲಸಗಳಿಗೆ ಹಂಚಿದರು. ಓದು, ಬರಹ, ಲೆಕ್ಕದಂಥ ಮೂಲ ಕೌಶಲಗಳನ್ನು ಮಕ್ಕಳು ತಾವೇ ತಿದ್ದಿಕೊಳ್ಳಬಹುದಾದ ಪುಸ್ತಕಗಳ ನೆರವಿನಿಂದ ತಮ್ಮ ವೇಗದಲ್ಲಿ ಕಲಿಯಬೇಕು. ಉಳಿದ ಹೊತ್ತಿನಲ್ಲಿ ನಾಟಕ, ಸಂಗೀತ, ಚರ್ಚೆ, ಶಾಲೆಯ ಆಡಳಿತದಂಥ ಕೆಲಸಗಳನ್ನು ಕೂಡಿ ಮಾಡಬೇಕು. ಇದು ನನಗೆ ಬಹಳ ಹಿಡಿಸಿದ ಪ್ರಯೋಗ, ಆದರೂ ಅದರ ಹಂಚಿಕೆಯಲ್ಲಿ ನನಗೆ ಒಂದು ತಕರಾರಿದೆ. ಲೆಕ್ಕವನ್ನು ಒಂಟಿಯಾಗಿ ಕಲಿಯಬೇಕು, ನಾಟಕವನ್ನು ಮಾತ್ರ ಕೂಡಿ ಆಡಬೇಕು ಎಂದಾಗ ಗಣಿತದಲ್ಲಿ ಮಾತಾಡುವಂಥದ್ದು ಏನೂ ಇಲ್ಲವೆಂದು ಒಪ್ಪಿಕೊಂಡಂತೆ ಆಗುತ್ತದೆ. ಇಂದಿನ ವೇಳಾಪಟ್ಟಿಗಳಲ್ಲಿಯೂ ಇದೇ ವಿಂಗಡಣೆ ನುಸುಳಿದೆ: ಕಠಿಣವಾದದ್ದೆಲ್ಲ ಪರದೆಯ ಮುಂದೆ, ಶುಕ್ರವಾರ ಮಧ್ಯಾಹ್ನ ಗುಂಪು ಚಟುವಟಿಕೆ.

ಎರಡು ಕಾಗದದ ಪಟ್ಟಿ

ಇನ್ನೊಂದು ತರಗತಿಯಲ್ಲಿ ಅದೇ ಪ್ರಶ್ನೆ ಬಂದದ್ದನ್ನು ನಾನು ನೋಡಿದ್ದೇನೆ. ಶಿಕ್ಷಕಿ ಕಪ್ಪುಹಲಗೆಯ ಮೇಲೆ 1/3 ಮತ್ತು 1/4 ಎಂದು ಬರೆದು, ಯಾವುದು ದೊಡ್ಡದು, ಯಾಕೆ ಎಂದು ಎರಡು ಸಾಲಿನಲ್ಲಿ ಬರೆಯಲು ಹೇಳಿದರು. ಪಕ್ಕದವರನ್ನು ಕೇಳುವಂತಿಲ್ಲ. ಕೆಲವರು ಕೂಡಲೇ ಬರೆದರು, ಕೆಲವರು ಪೆನ್ಸಿಲ್ ಕಚ್ಚುತ್ತಾ ಕುಳಿತರು. ಆಮೇಲೆ ಮೂವರು ಮೂವರಂತೆ ಕೂರಿಸಿ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿ, ಹಳೆಯ ಕಾಗದವನ್ನು ಹರಿದು ಮಡಿಚಿ ತೋರಿಸಿ ಎಂದರು.

ನನ್ನ ಹತ್ತಿರದ ಗುಂಪಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, "ನಾಲ್ಕು ಮೂರಕ್ಕಿಂತ ದೊಡ್ಡದು, ಅದಕ್ಕೇ ನಾಲ್ಕನೇ ಒಂದು ಭಾಗ ದೊಡ್ಡದು" ಎಂದು ಬರೆದಿದ್ದಳು. ಎತ್ತರದ ಹುಡುಗ, "ಇಲ್ಲ ಕಣೇ, ಜಾಸ್ತಿ ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಕಮ್ಮಿ ಬರುತ್ತೆ" ಎಂದ. ಮೂರನೆಯವನು ಏನೂ ಬರೆದಿರಲಿಲ್ಲ. ಹುಡುಗಿ ಒಂದು ಪಟ್ಟಿಯನ್ನು ಎರಡು ಸಲ ಮಡಿಚಿ ನಾಲ್ಕು ಭಾಗ ಮಾಡಿದಳು. ಹುಡುಗ ಇನ್ನೊಂದು ಪಟ್ಟಿಯನ್ನು ಮೂರು ಭಾಗ ಮಾಡಲು ಒದ್ದಾಡಿದ. ಮೂರಾಗಿ ಮಡಿಚುವುದು ಸುಲಭವಲ್ಲ, ಅಂಚುಗಳು ಹೊಂದುವ ತನಕ ಜಾರಿಸಿ ಜಾರಿಸಿ ಸರಿಮಾಡಬೇಕು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟರು. ನಾಲ್ಕನೇ ಒಂದು ಭಾಗವೇ ಉದ್ದವಾಗಿತ್ತು. ಹುಡುಗಿಯ ಮುಖ ಅರಳಿತು. ಹುಡುಗ ತನ್ನ ಮಡಿಕೆಗಳನ್ನು ಬಿಚ್ಚಿ ಭಾಗಗಳನ್ನು ಮತ್ತೆ ಎಣಿಸಿದ, ಮೂರೇ ಇದ್ದವು. ತನ್ನ ಮಾತಿನಲ್ಲಿ ಅವನಿಗಿದ್ದ ನಂಬಿಕೆ ಅಲುಗಾಡುತ್ತಿದ್ದುದು ಕಾಣುತ್ತಿತ್ತು.

ಆಗ ಅದುವರೆಗೆ ಬಾಯಿ ಬಿಡದಿದ್ದ ಮೂರನೆಯವನು ಎರಡೂ ಪಟ್ಟಿಗಳನ್ನು ಪೂರ್ತಿ ಬಿಡಿಸಿ, ಒಂದರ ಮೇಲೊಂದು ಇಟ್ಟು, "ನಿನ್ನದು ಉದ್ದ ಇದೆ, ಇವನದು ಗಿಡ್ಡ" ಎಂದ. ಮೂವರೂ ಸ್ವಲ್ಪ ಹೊತ್ತು ಸುಮ್ಮನಾದರು. ಮತ್ತೆ ಎರಡು ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ ಮಡಿಚಿದರು. ಅಲ್ಲಿಯವರೆಗೆ ದೂರದಿಂದಲೇ ನೋಡುತ್ತಿದ್ದ ಶಿಕ್ಷಕಿ ಆಗ ಹತ್ತಿರ ಬಂದು, ಹಾಗಾದರೆ ಉದ್ದ ಪಟ್ಟಿಯ ನಾಲ್ಕನೇ ಒಂದು ಭಾಗ ಗಿಡ್ಡ ಪಟ್ಟಿಯ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾಗಿದ್ದು ತಪ್ಪೋ ಸರಿಯೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಗುಂಪಿಗೆ ಹೋದರು. ಹತ್ತು ನಿಮಿಷದ ಮೇಲೆ ಎಲ್ಲರೂ ತಮ್ಮ ತಮ್ಮ ಪುಸ್ತಕಕ್ಕೆ ಮರಳಿ, ಒಬ್ಬೊಬ್ಬರೇ 2/5 ಮತ್ತು 2/7ರಂಥ ಲೆಕ್ಕಗಳನ್ನು ಮಾಡಿದರು. ಹುಡುಗಿಗೆ ಶಿಕ್ಷಕಿ ಇನ್ನಷ್ಟು ಪಟ್ಟಿ ಮಡಿಚುವ ಲೆಕ್ಕಗಳನ್ನು ಕೊಟ್ಟರು, ಹುಡುಗನಿಗೆ 2/3 ಮತ್ತು 3/4 ಹೋಲಿಸಲು ಹೇಳಿದರು.

ಈ ದೃಶ್ಯವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ತಂತ್ರಾಂಶದ ಕಣ್ಣಲ್ಲಿ ಆ ಮೂವರೂ ಒಂದೇ ಏಣಿಯ ಮೂರು ಮೆಟ್ಟಿಲುಗಳ ಮೇಲೆ ಇದ್ದವರು. ಎತ್ತರದ ಹುಡುಗನ ಉತ್ತರ ಸರಿ, ಅವನು ಮುಂದಕ್ಕೆ. ಹುಡುಗಿಯದು ತಪ್ಪು, ಅವಳು ಅಲ್ಲಿಯೇ. ಮೂರನೆಯವನು ಉತ್ತರಿಸಲೇ ಇಲ್ಲ, ಅವನು ಹಿಂದಕ್ಕೆ. ಆದರೆ ಭಿನ್ನರಾಶಿಗಳನ್ನು ಹೋಲಿಸುವಾಗ ಇಡೀ ವಸ್ತು ಒಂದೇ ಅಳತೆಯದಾಗಿರಬೇಕು ಎಂಬ ಮುಖ್ಯ ತಿಳಿವು ಮುಂದಿದ್ದ ಹುಡುಗನಲ್ಲಿ ಇರಲಿಲ್ಲ, ಹಿಂದಿದ್ದ ಹುಡುಗನ ಕಣ್ಣಿಗೆ ಅದು ಬಿತ್ತು. ಸರಿ ಉತ್ತರ ಕೊಟ್ಟು ಮುಂದೆ ಹೋಗಿಬಿಟ್ಟಿದ್ದರೆ ಆ ಕೊರತೆ ಅವನೊಳಗೆ ಹಾಗೆಯೇ ಕುಳಿತಿರುತ್ತಿತ್ತು. ಮಕ್ಕಳ ತಿಳಿವಳಿಕೆ ಒಂದೇ ಗೆರೆಯ ಮೇಲೆ ಹಿಂದು ಮುಂದಾಗಿ ನಿಂತಿರುವುದಿಲ್ಲ. ಅದು ಗೊತ್ತಾಗುವುದು ಒಂದೇ ಪ್ರಶ್ನೆಯ ಸುತ್ತ ಬೇರೆ ಬೇರೆ ಮಕ್ಕಳು ಕೂತಾಗ ಮಾತ್ರ.

ಗುಂಪು ಎಂದಾಕ್ಷಣ ಸಹಯೋಗವಲ್ಲ

ಹಾಗೆಂದು ಮಕ್ಕಳನ್ನು ಗುಂಪಾಗಿ ಕೂರಿಸಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಆರು ಮಕ್ಕಳಿಗೆ ಒಂದು ಚಾರ್ಟ್ ಕೊಟ್ಟು ಜಲಚಕ್ರದ ಚಿತ್ರ ಮಾಡಿ ಎಂದಾಗ ಏನಾಗುತ್ತದೆ ಎಂಬುದನ್ನು ತರಗತಿ ಕಂಡವರೆಲ್ಲ ಬಲ್ಲರು. ಚೆನ್ನಾಗಿ ಬರೆಯುವ ಒಬ್ಬಳು ಬರೆಯುತ್ತಾಳೆ, ಒಬ್ಬ ಬಣ್ಣ ತುಂಬುತ್ತಾನೆ, ಒಬ್ಬ ಸ್ಕೆಚ್ ಪೆನ್ನಿನ ಮುಚ್ಚಳ ಹಿಡಿದುಕೊಂಡಿರುತ್ತಾನೆ, ಉಳಿದವರು ಹತ್ತರ ಜೊತೆ ಹನ್ನೊಂದು. ಅಂಕ ಮಾತ್ರ ಎಲ್ಲರಿಗೂ ಒಂದೇ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ಜನ ಸೇರಿ ಭಾರವನ್ನು ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. ಜನ ಹೆಚ್ಚಾದಂತೆ ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದು ಕಷ್ಟವಾಗುತ್ತದೆ, ಜೊತೆಗೆ ನಾನಲ್ಲದಿದ್ದರೆ ಇನ್ನೊಬ್ಬರು ಎಳೆಯುತ್ತಾರೆ ಎಂಬ ಭಾವವೂ ಸೇರುತ್ತದೆ. ಚಾರ್ಟಿನ ಸುತ್ತ ಕುಳಿತ ಮಕ್ಕಳಲ್ಲಿಯೂ ಈ ಎರಡೂ ಇವೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಕೋಹೆನ್ ಮಕ್ಕಳ ಗುಂಪುಗಳನ್ನು ದೀರ್ಘಕಾಲ ಅಧ್ಯಯನ ಮಾಡಿ ತೋರಿಸಿದಂತೆ, ಜಾಣರೆಂದು ಹೆಸರಾದ ಮಕ್ಕಳೇ ಗುಂಪಿನಲ್ಲಿ ಹೆಚ್ಚು ಮಾತಾಡುತ್ತಾರೆ, ಹೆಚ್ಚು ಮಾತಾಡಿದವರೇ ಹೆಚ್ಚು ಕಲಿಯುತ್ತಾರೆ. ಅಂದರೆ ಯಾವ ಎಚ್ಚರವೂ ಇಲ್ಲದೆ ಮಾಡಿದ ಗುಂಪು ಕೆಲಸ ಮೊದಲೇ ಇದ್ದ ಅಂತರವನ್ನು ಇನ್ನಷ್ಟು ಅಗಲ ಮಾಡುತ್ತದೆ. ಕೋಹೆನ್ ಸೂಚಿಸಿದ ಉಪಾಯಗಳಲ್ಲಿ ಒಂದು ನನಗೆ ಬಹಳ ಮುಖ್ಯವೆನಿಸುತ್ತದೆ: ಕಡೆಗಣಿಸಲ್ಪಟ್ಟ ಮಗು ನಿಜವಾಗಿ ಒಂದು ಒಳ್ಳೆಯ ಕೆಲಸ ಮಾಡಿದ ಗಳಿಗೆಯಲ್ಲಿ ಶಿಕ್ಷಕರು ಅದನ್ನು ಎಲ್ಲರೆದುರು, ನಿರ್ದಿಷ್ಟವಾಗಿ ಹೆಸರಿಸಿ ಹೇಳಬೇಕು. ಬರಿಯ ಹೊಗಳಿಕೆ ಸಾಲದು. "ಎರಡು ಪಟ್ಟಿಗಳ ಉದ್ದ ಹೋಲಿಸಬೇಕೆಂದು ಇವನಿಗೆ ಹೊಳೆಯಿತು, ಅದರಿಂದ ಈ ಗುಂಪಿನ ಲೆಕ್ಕ ಸರಿಯಾಯಿತು" ಎನ್ನಬೇಕು. ಮಕ್ಕಳು ಇಂಥ ಮಾತನ್ನು ಮರೆಯುವುದಿಲ್ಲ, ಜೊತೆಯ ಮಕ್ಕಳೂ ಮರೆಯುವುದಿಲ್ಲ.

ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಜಾಗ ಮಾಡಿಕೊಟ್ಟ ವಿಧಾನಗಳಲ್ಲಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ರೂಪಿಸಿದ ಜಿಗ್‌ಸಾ ತರಗತಿ ಪ್ರಸಿದ್ಧವಾದದ್ದು. ಬಿಳಿಯ, ಕರಿಯ, ಹಿಸ್ಪಾನಿಕ್ ಮಕ್ಕಳು ಮೊದಲ ಬಾರಿಗೆ ಒಂದೇ ಕೊಠಡಿಯಲ್ಲಿ ಕೂತು ಪರಸ್ಪರ ದ್ವೇಷಿಸುತ್ತಿದ್ದ ಕಾಲ ಅದು. ಪಾಠವನ್ನು ಭಾಗ ಮಾಡಿ ಗುಂಪಿನ ಪ್ರತಿ ಮಗುವಿಗೂ ಒಂದೊಂದು ಭಾಗವನ್ನು ಮಾತ್ರ ಕೊಡುತ್ತಿದ್ದರು. ಆ ಭಾಗವನ್ನು ಮಗು ಮೊದಲು ತಾನೇ ಓದಿಕೊಳ್ಳಬೇಕು, ಅದೇ ಭಾಗ ಸಿಕ್ಕ ಬೇರೆ ಗುಂಪಿನ ಮಕ್ಕಳ ಜೊತೆ ಚರ್ಚಿಸಬೇಕು, ಆಮೇಲೆ ತನ್ನ ಗುಂಪಿಗೆ ಬಂದು ಕಲಿಸಬೇಕು. ಕೊನೆಯ ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೂ ಬೇರೆ. ಯಾವ ಮಗುವನ್ನು ಕಡೆಗಣಿಸಿದರೂ ಪಾಠದ ಒಂದು ಭಾಗವೇ ಕೈತಪ್ಪುತ್ತಿತ್ತು, ಆದ್ದರಿಂದ ಮೊದಲು ಅಪಹಾಸ್ಯ ಮಾಡುತ್ತಿದ್ದವರೇ ತಾಳ್ಮೆಯಿಂದ ಪ್ರಶ್ನೆ ಕೇಳಿ ಮಾತು ಹೊರಡಿಸಲು ಕಲಿತರು. ಇಲ್ಲಿ ಒಂಟಿ ಓದು ಮತ್ತು ಕೂಡಿ ಕಲಿಯುವುದು ಬೇರೆ ಬೇರೆ ದಿನದ ಕೆಲಸಗಳಲ್ಲ. ಒಂಟಿಯಾಗಿ ಓದಿಕೊಂಡದ್ದಕ್ಕೆ ಗುಂಪಿನಲ್ಲಿ ಕೇಳುವವರಿದ್ದರು, ಗುಂಪಿನಲ್ಲಿ ಹೇಳಬೇಕೆಂಬ ಕಾರಣಕ್ಕೆ ಒಂಟಿ ಓದಿಗೆ ಬಿಗಿ ಬಂದಿತ್ತು.

ಎಷ್ಟು ಎನ್ನುವುದಕ್ಕಿಂತ ಯಾವಾಗ

ಶಾಲೆಗಳಲ್ಲಿ ಈ ಸಮತೋಲನದ ಮಾತು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ವಾರಕ್ಕೆ ಎಷ್ಟು ಅವಧಿ ಇದಕ್ಕೆ, ಎಷ್ಟು ಅವಧಿ ಅದಕ್ಕೆ ಎಂಬುದು. ನನ್ನ ಮಟ್ಟಿಗೆ ಈ ಪ್ರಶ್ನೆಯೇ ಸರಿಯಾದುದಲ್ಲ. ಒಂದೇ ವಿಷಯವನ್ನು ಕಲಿಯುವ ಹಾದಿಯಲ್ಲಿ ಯಾವ ಗಳಿಗೆಯಲ್ಲಿ ಮಗು ಒಂಟಿಯಾಗಿರಬೇಕು, ಯಾವ ಗಳಿಗೆಯಲ್ಲಿ ಜೊತೆ ಬೇಕು ಎಂಬುದನ್ನು ಕೇಳಬೇಕು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ಅಳವಡಿಸಿಕೊಂಡ ಕ್ರಮ ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರ ಕೊಡುತ್ತದೆ. ಒಂದು ಪರಿಕಲ್ಪನೆಯ ಪ್ರಶ್ನೆಯನ್ನು ಮುಂದಿಡುತ್ತಾರೆ; ಪ್ರತಿಯೊಬ್ಬರೂ ಯಾರ ಜೊತೆಗೂ ಮಾತಾಡದೆ ತಮ್ಮ ಉತ್ತರಕ್ಕೆ ಬದ್ಧರಾಗಬೇಕು; ಸರಿ ಉತ್ತರ ಕೊಟ್ಟವರು ಹೆಚ್ಚುಕಡಿಮೆ ಶೇಕಡಾ 30ರಿಂದ 70ರ ನಡುವೆ ಇದ್ದರೆ ಪಕ್ಕದವರ ಜೊತೆ ವಾದಿಸಲು ಬಿಡುತ್ತಾರೆ; ಆಮೇಲೆ ಮತ್ತೊಮ್ಮೆ ಒಬ್ಬೊಬ್ಬರೇ ಉತ್ತರಿಸಬೇಕು. ಬಹುತೇಕ ಎಲ್ಲರಿಗೂ ಗೊತ್ತಿದ್ದರೆ ಚರ್ಚೆಯಿಂದ ಲಾಭವಿಲ್ಲ, ಯಾರಿಗೂ ಏನೂ ಗೊತ್ತಿಲ್ಲದಿದ್ದರೆ ಮೊದಲು ಶಿಕ್ಷಕರೇ ವಿವರಿಸಬೇಕು ಎಂಬ ವಿವೇಕ ಆ ಅಂಕಿಗಳಲ್ಲಿದೆ.

ಜಾಣ ವಿದ್ಯಾರ್ಥಿ ಹೇಳಿದ್ದನ್ನು ಉಳಿದವರು ಒಪ್ಪಿಕೊಳ್ಳುತ್ತಾರೆ ಅಷ್ಟೆ ಎಂಬ ಸಂಶಯ ಇಲ್ಲಿ ಸಹಜ. ಕೊಲರಾಡೋ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯೊಂದರಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚರ್ಚೆಯಾದ ಮೇಲೆ ಅದೇ ತತ್ವದ ಬೇರೊಂದು ಪ್ರಶ್ನೆಯನ್ನು ಕೊಟ್ಟು ಒಬ್ಬೊಬ್ಬರೇ ಉತ್ತರಿಸಲು ಹೇಳಿದಾಗ, ಮೊದಲು ತಪ್ಪಿದ್ದ ಅನೇಕರು ಸರಿ ಉತ್ತರ ಕೊಟ್ಟರು. ಗುಂಪಿನಲ್ಲಿ ಯಾರಿಗೂ ಮೊದಲು ಸರಿ ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯಿಂದ ತಿಳಿವು ಹೆಚ್ಚಬಹುದು ಎಂಬುದು ಆ ಅಧ್ಯಯನದ ಮುಖ್ಯ ಮಾತು. ಅದರ ಮುಂದುವರಿಕೆಯಾಗಿ 2011ರಲ್ಲಿ ಬಂದ ಅಧ್ಯಯನದಲ್ಲಿ, ಚರ್ಚೆಯ ನಂತರ ಶಿಕ್ಷಕರ ವಿವರಣೆಯೂ ಸೇರಿದಾಗ ಎರಡರಲ್ಲಿ ಒಂದೇ ಇದ್ದಾಗಿನದಕ್ಕಿಂತ ಹೆಚ್ಚು ಪ್ರಯೋಜನ ಕಂಡಿತು. ಇವು ಕಾಲೇಜಿನ ವಿದ್ಯಾರ್ಥಿಗಳ ಮಾತು, ಹತ್ತು ವರ್ಷದ ಮಕ್ಕಳಿಗೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ಆದರೆ ಪಟ್ಟಿ ಮಡಿಚಿಸಿದ ಶಿಕ್ಷಕಿ ಅನುಸರಿಸಿದ್ದು ಇದೇ ಕ್ರಮ: ಮೊದಲು ಒಂಟಿಯಾಗಿ ಎರಡು ಸಾಲು, ಆಮೇಲೆ ಮೂವರ ವಾದ, ಆಮೇಲೆ ಒಂದು ಪ್ರಶ್ನೆ, ಕೊನೆಗೆ ಮತ್ತೆ ಒಂಟಿಯಾಗಿ ಅವರವರಿಗೆ ತಕ್ಕ ಅಭ್ಯಾಸ.

ಮೊದಲ ಒಂಟಿ ನಿಮಿಷಗಳನ್ನು ಬಿಟ್ಟರೆ ಏನಾಗುತ್ತದೆ? ಗುಂಪಿಗೆ ಬರುವ ಮಗುವಿನ ಕೈಯಲ್ಲಿ ತನ್ನದೆನ್ನುವುದು ಏನೂ ಇರುವುದಿಲ್ಲ, ಮೊದಲು ಬಾಯಿ ಬಿಟ್ಟವರ ಮಾತೇ ಎಲ್ಲರ ಮಾತಾಗುತ್ತದೆ. ಕೊನೆಯ ಒಂಟಿ ನಿಮಿಷಗಳನ್ನು ಬಿಟ್ಟರೆ ಗುಂಪಿನಲ್ಲಿ ಅರ್ಥವಾದಂತೆ ತೋರಿದ್ದು ಮನೆಗೆ ಹೋಗಿ ಪುಸ್ತಕ ತೆರೆದಾಗ ಕೈಕೊಡುತ್ತದೆ. ಇಂದು ಜೊತೆಯವರ ನೆರವಿನಿಂದ ಆದದ್ದು ನಾಳೆ ತನ್ನಿಂದಲೇ ಆಗಬೇಕು ಎಂಬುದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿಯವರ ವಿಚಾರದ ಸಾರ. ಅವರ ಹೆಸರನ್ನು ಗುಂಪು ಕೆಲಸದ ಪರವಾಗಿ ಬಳಸುವವರು ಆ ನಾಳೆಯನ್ನು ಬಿಟ್ಟುಬಿಡುತ್ತಾರೆ. ಸಹಾಯದ ಗುಣವೂ ಮುಖ್ಯ. ಮಕ್ಕಳ ಗುಂಪು ಕಲಿಕೆಯನ್ನು ಅಧ್ಯಯನ ಮಾಡಿದ ನೋರೀನ್ ವೆಬ್ ಅವರ ಪ್ರಕಾರ ಕಾರಣ ಬಿಡಿಸಿ ಹೇಳುವ ಮಗು ತಾನೂ ಕಲಿಯುತ್ತದೆ, ಆದರೆ ಬರಿಯ ಉತ್ತರವನ್ನು ಪಡೆದ ಮಗುವಿಗೆ ಅದರಿಂದ ಲಾಭವಿಲ್ಲ. ಗೆಳೆಯ ಉತ್ತರ ಹೇಳಿಕೊಟ್ಟರೂ ಕೊನೆಯ ಸುಳಿವು ಉತ್ತರ ಹೇಳಿಕೊಟ್ಟರೂ ಮಗುವಿನ ಪಾಲಿಗೆ ಎರಡೂ ಒಂದೇ.

ಮಾತಾಡದ ಮಗು, ಅಂಕ, ಶಿಕ್ಷಕರ ಸಮಯ

ವೇಗ ಬೇರೆ ಬೇರೆ ಆದಾಗ ಜೊತೆ ಸಿಗುವುದು ಹೇಗೆ ಎಂಬ ತೊಡಕಿಗೆ ಕಲಿಕೆಯ ಏಣಿ ಮತ್ತು ಕಾರ್ಡುಗಳ ವಿಧಾನದಲ್ಲಿ ಒಂದು ಉತ್ತರವಿದೆ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಶುರುವಾದ, ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ಮೈಲಿಗಲ್ಲಿನಿಂದಲೇ ಮುಂದುವರಿಯುತ್ತದೆ, ಆದರೆ ಕೂರುವುದು ಯಾರ ಸಹಾಯ ಎಷ್ಟು ಬೇಕು ಎಂಬುದರ ಮೇಲೆ: ಪೂರ್ತಿ ಶಿಕ್ಷಕರ ನೆರವು, ಭಾಗಶಃ ಶಿಕ್ಷಕರ ನೆರವು, ಗೆಳೆಯರ ನೆರವು, ಭಾಗಶಃ ಗೆಳೆಯರ ನೆರವು, ಸ್ವಕಲಿಕೆ. ಮಗು ಇಡೀ ವರ್ಷ ಒಂದೇ ಗುಂಪಿಗೆ ಅಂಟಿಕೊಳ್ಳುವುದಿಲ್ಲ, ಕಾರ್ಡು ಬದಲಾದರೆ ಕೂರುವ ಜಾಗವೂ ಬದಲಾಗುತ್ತದೆ. ಮಟ್ಟಕ್ಕೆ ತಕ್ಕಂತೆ ಮಾಡಿದ ಗುಂಪುಗಳು ಕಾಯಂ ಆಗಿಬಿಡುವ ಅಪಾಯ ಎಲ್ಲ ಕಡೆ ಇದೆ. ದಡ್ಡರ ಗುಂಪು ಯಾವುದೆಂದು ಮಕ್ಕಳಿಗೆ ಮೊದಲ ವಾರದಲ್ಲೇ ತಿಳಿದುಬಿಡುತ್ತದೆ, ಅದಕ್ಕೆ ಎಂಥ ಹೂವಿನ ಹೆಸರಿಟ್ಟರೂ ಅಷ್ಟೆ. ಕೆಲಸದೊಂದಿಗೆ ಜಾಗವೂ ಬದಲಾಗುವ ಈ ಏರ್ಪಾಡು ಆ ಅಪಾಯವನ್ನು ಕಡಿಮೆ ಮಾಡುತ್ತದೆ. ಅದರ ಜೊತೆಗೆ ದಿನಕ್ಕೊಮ್ಮೆಯಾದರೂ ಇಡೀ ತರಗತಿಗೆ ಒಂದೇ ಪ್ರಶ್ನೆ ಇರಬೇಕು ಎಂದು ನಾನು ಸೇರಿಸುತ್ತೇನೆ. ಎಲ್ಲರೂ ಕೈಹಾಕಬಹುದಾದ, ಆದರೆ ಬೇಗ ಮುಗಿಯದ ಪ್ರಶ್ನೆಯಾಗಿರಬೇಕು ಅದು.

ಗುಂಪಿನಲ್ಲಿ ಬಾಯಿ ತೆರೆಯಲಾಗದ ಮಕ್ಕಳ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ. ಕೆಲವರಿಗೆ ಸದ್ದು ಸಹಿಸುವುದು ಕಷ್ಟ, ಕೆಲವರಿಗೆ ಮಾತು ತೊದಲುತ್ತದೆ, ಕೆಲವರಿಗೆ ತರಗತಿಯ ಭಾಷೆ ಮನೆಯ ಭಾಷೆಯಲ್ಲ. ಇವರಿಗೆ ಸಹಯೋಗ ಎಂದರೆ ಜೋರಾಗಿ ಮಾತಾಡುವುದು ಎಂದಾಗಬಾರದು. ಬರೆದ ಚೀಟಿಯನ್ನು ಮುಂದಿಡುವುದು, ಇನ್ನೊಬ್ಬರ ಲೆಕ್ಕದಲ್ಲಿ ತಪ್ಪಿದ ಸಾಲಿನ ಕೆಳಗೆ ಗೆರೆ ಎಳೆಯುವುದು, ಒಬ್ಬರ ಜೊತೆ ಮಾತ್ರ ಕೂತು ಕೆಲಸ ಮಾಡುವುದು, ಇವೂ ಸಹಯೋಗವೇ. ಮೂರನೆಯ ಹುಡುಗ ಆಡಿದ್ದು ಒಂದೇ ಮಾತು.

ಅಂಕಗಳ ವಿಷಯದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲಾವಿನ್ ಅವರ ಉಪಾಯ ನನಗೆ ನ್ಯಾಯವಾಗಿ ಕಾಣುತ್ತದೆ. ಮಕ್ಕಳು ನಾಲ್ಕೈದು ಜನರ ತಂಡದಲ್ಲಿ ಓದಿಕೊಳ್ಳುತ್ತಾರೆ, ಕಿರುಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯುತ್ತಾರೆ. ಪ್ರತಿ ಮಗು ತನ್ನದೇ ಹಿಂದಿನ ಸರಾಸರಿಗಿಂತ ಎಷ್ಟು ಮುಂದೆ ಬಂದಿದೆ ಎಂಬುದನ್ನು ನೋಡಿ ತಂಡಕ್ಕೆ ಅಂಕ ಸೇರುತ್ತದೆ. 40 ಅಂಕ ಪಡೆಯುತ್ತಿದ್ದ ಮಗು 55 ಪಡೆದರೆ ಅದು ತಂಡಕ್ಕೆ ಬಲ, 90ರಲ್ಲೇ ನಿಂತ ಮಗು ಅಷ್ಟು ಬಲ ತರುವುದಿಲ್ಲ. ಆಗ ಹಿಂದಿರುವ ಮಗುವಿಗೆ ಅರ್ಥ ಮಾಡಿಸುವುದು ತಂಡದ ಎಲ್ಲರ ಕೆಲಸವಾಗುತ್ತದೆ. ಉತ್ತರ ಹೇಳಿಕೊಟ್ಟು ಪ್ರಯೋಜನವಿಲ್ಲ, ಏಕೆಂದರೆ ಪರೀಕ್ಷೆಯ ಹೊತ್ತಿಗೆ ಅವನು ಒಬ್ಬನೇ ಇರುತ್ತಾನೆ.

ಇದಕ್ಕೆಲ್ಲ ಶಿಕ್ಷಕರ ಸಮಯ ಬೇಕು. ಇಂಥ ಒಂದು ಪ್ರಶ್ನೆಯನ್ನು ಹುಡುಕಲು, ಯಾರನ್ನು ಯಾರ ಜೊತೆ ಕೂರಿಸಬೇಕೆಂದು ಯೋಚಿಸಲು, ಮಕ್ಕಳು ಬರೆದ ಎರಡೆರಡು ಸಾಲುಗಳನ್ನು ಓದಲು ಈಗಿನ ಕೆಲಸದ ದಿನದಲ್ಲಿ ಬಿಡುವಿಲ್ಲ. ತಂತ್ರಾಂಶದಿಂದ ನಾನು ನಿರೀಕ್ಷಿಸುವ ಉಪಕಾರ ಇಲ್ಲಿದೆ. ಮಗ್ಗಿಯ ಅಭ್ಯಾಸವನ್ನೂ ಉತ್ತರ ತಿದ್ದುವುದನ್ನೂ ಅದು ಹೊತ್ತುಕೊಳ್ಳಲಿ. ಮಗು ಎಷ್ಟನೆಯ ಅಧ್ಯಾಯದಲ್ಲಿದೆ ಎಂಬುದನ್ನಷ್ಟೇ ತೋರಿಸದೆ, ಯಾವ ತಪ್ಪನ್ನು ಯಾವ ಬಗೆಯಲ್ಲಿ ಮಾಡುತ್ತಿದೆ ಎಂಬುದನ್ನು ಶಿಕ್ಷಕರ ಮುಂದಿಡಲಿ. ನಾಲ್ಕು ದೊಡ್ಡದು, ಅದಕ್ಕೇ 1/4 ದೊಡ್ಡದು ಎಂದುಕೊಂಡ ಏಳು ಮಕ್ಕಳು ಈ ತರಗತಿಯಲ್ಲಿದ್ದಾರೆ ಎಂದು ಬೆಳಗ್ಗೆಯೇ ತಿಳಿದರೆ, ಅವರನ್ನು ಬೇರೆ ಬಗೆಯಲ್ಲಿ ಯೋಚಿಸಿದ ಮಕ್ಕಳ ಜೊತೆ ಕೂರಿಸಿ ಪಾಠ ಶುರುಮಾಡಲು ಶಿಕ್ಷಕರಿಗೆ ಸಾಧ್ಯವಾಗುತ್ತದೆ.